ರಾಹೇಲವ್ವ ಇಟ್ಟುಕೊಂಡ ಒಂದೇ ಗುಟ್ಟು

ಅಜನಿಯ ರೇಲ್ವೆ ಕಾಲನಿಯಲ್ಲಿ ನಾವಿದ್ದ ಸಾಲಿಗೆ ಆರು ಮನೆಗಳು. ಐದನೆಯದು ನಮ್ಮದು, ಆರನೆಯದು ರಾಹೇಲವ್ವನದು. ನಡುವಿನ ಗೋಡೆ ಇಟ್ಟಿಗೆಯದೇ ಆದರೂ ರಾಹೇಲವ್ವನ ಪ್ರಾರ್ಥನೆಯ ಮಟ್ಟಿಗೆ ಅದು ಬೇಸಿಗೆಯಲ್ಲಿ ಕಿಟಕಿಗೆ ಕಟ್ಟುವ ಲಾವಂಚದ ಬೇರಿನ ತಟ್ಟಿಯಷ್ಟೇ ದಪ್ಪ. ಬೆಳಿಗ್ಗೆ ಐದೂವರೆಗೆ ಆಕೆ ದೇವರೊಡನೆ ಮಾತಿಗೆ ತೊಡಗಿದಳೆಂದರೆ ಈಚೆ ಸಂಧ್ಯಾವಂದನೆಗೆ ಕುಳಿತ ನಮ್ಮ ತಂದೆ ಬಿಂದುಮಾಧವರಾಯರಿಗೆ ಗಾಯತ್ರಿಯ ಎಣಿಕೆ ತಪ್ಪುತ್ತಿತ್ತು. ಅವರು ನಿಟ್ಟುಸಿರುಬಿಟ್ಟು ಮತ್ತೆ ಒಂದರಿಂದ ಶುರು ಮಾಡುತ್ತಿದ್ದರು. ಹೀಗಾಗಿ ಕಾಲನಿಯಲ್ಲಿ ಅತಿ ಹೆಚ್ಚು ಜಪ ಮಾಡಿದ ಪುಣ್ಯ ನಮ್ಮ ತಂದೆಯವರದೇ ಎಂದು ನಮ್ಮ ತಾಯಿ ಕೃಷ್ಣವೇಣಿ ಹೇಳುತ್ತಿದ್ದಳು.

ರಾಹೇಲವ್ವ ಬೆಟಗೇರಿಯವಳು. ಗಂಡ ಎಂಜಿನ್ನಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಆಗಿದ್ದವನು ವಿಷಮಜ್ವರದಿಂದ ತೀರಿಕೊಂಡಾಗ, ರೇಲ್ವೆಯವರು ಆಕೆಗೆ ನಾಗಪುರ ಸ್ಟೇಶನ್ನಿನ ಹೆಂಗಸರ ವೇಟಿಂಗ್ ರೂಮಿನಲ್ಲಿ ಆಯಾ ಕೆಲಸ ಕೊಟ್ಟರು. ಸೊಂಟಕ್ಕೆ ಕೀಲಿಗೊಂಚಲು, ಬಾಗಿಲ ಬಳಿ ಒಂದು ಸ್ಟೂಲು, ಫಿನಾಯಿಲಿನ ಡಬ್ಬಿ, ಒಂದು ತಾಮ್ರದ ಕೊಡ. ನಾಗಪುರದ ಮೇಲೆ ಹಾದು ಹೋಗದ ಗಾಡಿ ಯಾವುದಿದೆ? ಮದರಾಸಿನಿಂದ ದಿಲ್ಲಿಗೆ ಹೋಗುವವರು, ಮುಂಬಯಿಯಿಂದ ಕಲಕತ್ತೆಗೆ ಹೋಗುವವರು, ಗಾಡಿ ತಪ್ಪಿದವರು, ಗಂಡನ ಮೇಲೆ ಮುನಿದು ಹೊರಟು ದಾರಿಯಲ್ಲಿ ಮನಸ್ಸು ಬದಲಾಯಿಸಿದವರು, ಎಲ್ಲರೂ ಆಕೆಯ ಮುಂದೆ ಟ್ರಂಕಿನ ಮೇಲೆ ಕುಳಿತು ಮನಸ್ಸು ಬಿಚ್ಚುತ್ತಿದ್ದರು. ಇನ್ನೆಂದೂ ಕಾಣಸಿಗದವಳ ಮುಂದೆ ಮನುಷ್ಯರು ಏನನ್ನೂ ಮುಚ್ಚಿಡುವುದಿಲ್ಲ. ರಾಹೇಲವ್ವ ಅದೆಲ್ಲವನ್ನೂ ಮನೆಗೆ ತಂದು ದೇವರಿಗೆ ಒಪ್ಪಿಸುತ್ತಿದ್ದಳು.

ದೇವರಿಗೆ ಎಲ್ಲವೂ ಗೊತ್ತು ಎಂಬುದರಲ್ಲಿ ಆಕೆಗೆ ಸಂಶಯವಿರಲಿಲ್ಲ. ಆದರೆ ವಿವರ ಗೊತ್ತಿರಲಿಕ್ಕಿಲ್ಲ ಎಂಬ ಸಣ್ಣ ಅನುಮಾನವಿತ್ತು. ಆದ್ದರಿಂದ ಆಕೆಯ ಪ್ರಾರ್ಥನೆಯಲ್ಲಿ ಹೆಸರು, ಊರು, ಮನೆ ನಂಬರು, ರೋಗದ ಲಕ್ಷಣ, ಯಾವ ಗಾಡಿಗೆ ಹೋದರು ಎಂಬುದು, ಎಲ್ಲವೂ ಇರುತ್ತಿದ್ದವು. ಮೊದಲು ತನ್ನ ವಿಳಾಸ ಹೇಳಿಯೇ ಶುರು ಮಾಡುತ್ತಿದ್ದಳು: ಕರ್ತನೇ, ನಾ ರಾಹೇಲ, ಅಜನಿ ಕಾಲನಿ, ಆರನೇ ಮನಿ. ದೇವರು ತಪ್ಪಿ ಇನ್ನೊಬ್ಬ ರಾಹೇಲಳ ಮನೆಗೆ ಉತ್ತರ ಕಳಿಸಿಬಿಟ್ಟರೆ ಎಂಬ ಎಚ್ಚರಿಕೆ ಅದು.

ಒಂದು ಏಕಾದಶಿಯ ಮುಂಜಾನೆ ಆಕೆ ನಮ್ಮ ತಾಯಿಗಾಗಿ ಪ್ರಾರ್ಥಿಸಿದಳು. ಉಪವಾಸದ ದಿನ ಐದನೆಯ ಮನೆಯ ಬಾಯಾರಿಗೆ ತಲೆಶೂಲೆ ಬರುತ್ತದೆಂದೂ, ಹಿತ್ತಲಲ್ಲಿ ಕುಳಿತು ಯಾರಿಗೂ ಕಾಣದ ಹಾಗೆ ಚಹಾ ಕುಡಿಯುತ್ತಾರೆಂದೂ, ಅದನ್ನು ನೀನೂ ಕ್ಷಮಿಸು, ಅವರ ದೇವರಿಗೂ ಒಂದು ಮಾತು ಹೇಳು ಎಂದೂ ಬೇಡಿಕೊಂಡಳು. ಗೋಡೆಯ ಈಚೆ ತಂದೆಯವರ ಎಣಿಕೆ ಅಂದು ತಪ್ಪಲಿಲ್ಲ, ನಿಂತೇ ಹೋಯಿತು. ನಮ್ಮ ತಾಯಿ ಮೂರು ದಿನ ರಾಹೇಲವ್ವನೊಡನೆ ಮಾತಾಡಲಿಲ್ಲ. ನಾಲ್ಕನೆಯ ದಿನ ತಂದೆಯವರೇ, ಮುಂದಿನ ಏಕಾದಶಿಗೆ ಹಿತ್ತಲಿಗೆ ಹೋಗುವ ಕಾರಣವಿಲ್ಲ, ಒಳಗೇ ಕುಳಿತು ಕುಡಿ, ನೆಗಡಿಯಾದೀತು ಎಂದರು. ತಾಯಿ ಒಂದು ಲೋಟ ಚಹಾ ಹಿಡಿದು ಆರನೆಯ ಮನೆಗೆ ಹೋದಳು. ಸಂಧಾನವಾಯಿತು.

ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ ರೇಲ್ವೆ ಪ್ರಾಥಮಿಕ ಶಾಲೆಯ ಒಂದು ಕೋಣೆಯಲ್ಲಿ ಕನ್ನಡ ಕ್ರೈಸ್ತರ ಕೂಟ ಸೇರುತ್ತಿತ್ತು. ಬೆಟಗೇರಿ, ಹುಬ್ಬಳ್ಳಿ, ಧಾರವಾಡಗಳಿಂದ ನೌಕರಿಗೆಂದು ಬಂದ ಇಪ್ಪತ್ತು ಮನೆಗಳವರು. ವಾರವೆಲ್ಲ ಮರಾಠಿ, ಹಿಂದಿ ಆಡಿ ದಣಿದ ನಾಲಿಗೆಗಳು ಅಲ್ಲಿ ಬಂದು ಕಾಲು ಚಾಚುತ್ತಿದ್ದವು. ಪಾದ್ರಿಗಳು ಬರುತ್ತಿದ್ದುದು ತಿಂಗಳಿಗೊಮ್ಮೆ. ಉಳಿದ ವಾರಗಳಲ್ಲಿ ಹಿರಿಯರಾದ ಸುಮಿತ್ರಪ್ಪನವರು ನಡೆಸುತ್ತಿದ್ದರು. ನಾನೂ ಹೋಗುತ್ತಿದ್ದೆ. ರಾಹೇಲವ್ವನಿಗೆ ಹಾಡಿನ ಪುಸ್ತಕದ ಸಣ್ಣ ಅಕ್ಷರ ಕಾಣುತ್ತಿರಲಿಲ್ಲ. ಪಕ್ಕದಲ್ಲಿ ಕುಳಿತು ಒಂದೊಂದು ಸಾಲು ಮುಂದಾಗಿ ಓದಿಕೊಡುವುದು ನನ್ನ ಕೆಲಸ. ನಾಗಪುರದಲ್ಲಿ ಕನ್ನಡ ಓದಲು ನನಗೆ ಸಿಕ್ಕ ಶಾಲೆ ಅದೊಂದೇ. ಮುಂದೆ ಗದಗಿನ ಕಾಲೇಜಿನಲ್ಲಿ, ನಿನ್ನ ಓದಿನಲ್ಲಿ ಇದೆಂಥ ರಾಗ ಎಂದು ಮಾಸ್ತರರು ಕೇಳಿದಾಗ ನನಗೆ ಆ ಕೋಣೆಯ ನೆನಪಾಗಿತ್ತು.

ಸುಮಿತ್ರಪ್ಪನವರು ರೇಲ್ವೆ ಆಫೀಸಿನಲ್ಲಿ ಹೆಡ್ ಕ್ಲಾರ್ಕು. ಅವರ ಕೋಟಿನ ಕಿಸೆಯಲ್ಲಿ ಸರಪಳಿಯ ಗಡಿಯಾರವಿತ್ತು. ಹಾಡು, ಓದು, ಉಪದೇಶದ ಪ್ರಸಂಗ, ಎಲ್ಲಕ್ಕೂ ಅವರು ಹೊತ್ತು ಗೊತ್ತು ಮಾಡಿದ್ದರು. ಅವರ ಕೈಮೀರಿದ್ದು ಒಂದೇ. ಪ್ರಸಂಗ ಮುಗಿದ ಮೇಲೆ ಯಾರು ಬೇಕಾದರೂ ಎದ್ದು ನಿಂತು, ಮನಸ್ಸಿಗೆ ಬಂದ ಹಾಗೆ ಗಟ್ಟಿಯಾಗಿ ಪ್ರಾರ್ಥಿಸಬಹುದು. ಉಳಿದವರು ಕಣ್ಣು ಮುಚ್ಚಿರಬೇಕು, ನಡುವೆ ಬಾಯಿ ಹಾಕಬಾರದು, ಆಮೆನ್ ಎಂಬ ಮಾತು ಬರುವ ತನಕ ಕಾಯಬೇಕು. ಇದು ಅವರ ಹಿಂದಿನವರಿಂದ ಬಂದ ಪದ್ಧತಿ. ರಾಹೇಲವ್ವ ಎದ್ದಳೆಂದರೆ ಕೂಟದವರಿಗೆ ಎರಡು ಭಯ: ಹೊತ್ತು ಎಷ್ಟಾದೀತು, ಹೆಸರು ಯಾರದು ಬಂದೀತು.

ಸುಮಿತ್ರಪ್ಪನವರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದರು. ರಾಹೇಲವ್ವ ಉಸಿರು ತೆಗೆದುಕೊಳ್ಳಲು ನಿಂತ ಕ್ಷಣ ಅವರೇ ಗಟ್ಟಿಯಾಗಿ ‘ಆಮೆನ್’ ಎನ್ನುವರು, ಕೂಟದವರೆಲ್ಲ ಬಿಡುಗಡೆಯ ಸಂತೋಷದಲ್ಲಿ ದನಿಗೂಡಿಸುವರು. ಅಲ್ಲಿಗೆ ಮುಗಿಯಿತು. ಕೆಲವು ವಾರ ಸೋತ ಮೇಲೆ ರಾಹೇಲವ್ವ ವಾಕ್ಯದ ಕೊನೆಗೆ ಉಸಿರಾಡುವುದನ್ನೇ ಬಿಟ್ಟಳು. ಶಬ್ದದ ನಡುವೆ ಎಲ್ಲೋ ಕದ್ದು ಉಸಿರೆಳೆದು ಮುಂದೆ ನಡೆಯುವಳು. ಸುಮಿತ್ರಪ್ಪನವರು ಬಾಯಿ ತೆರೆದು ಮತ್ತೆ ಮುಚ್ಚುವರು. ಕಣ್ಣು ಮುಚ್ಚಿರಬೇಕಾದ ನಾನು ಇದನ್ನೆಲ್ಲ ನೋಡುತ್ತಿದ್ದೆ.

ಕೂಟಕ್ಕೆ ಬರುವವರಲ್ಲಿ ಸಮುವೇಲಪ್ಪ ಎಂಬ, ಹಳಿ ಬದಲಿಸಿ ಗಾಡಿಗೆ ದಾರಿ ಮಾಡಿಕೊಡುವ ಪಾಯಿಂಟ್ಸ್‌ಮನ್ ಇದ್ದ. ಸಾವನೇರಿನ ಕಡೆಗೆ ಹೋಗುವ ನ್ಯಾರೋಗೇಜ್ ಲೈನಿನಲ್ಲಿ ಒಂದು ಸಣ್ಣ ಸ್ಟೇಶನ್ ಅವನದು. ಭಾನುವಾರ ಹೆಂಡತಿ ಸಾರವ್ವನೊಡನೆ, ಒಂದು ಬುಟ್ಟಿ ಬದನೆಕಾಯಿಯೊಡನೆ ಬರುತ್ತಿದ್ದ. ಆಳು ದೊಡ್ಡವನು, ದನಿ ಸಣ್ಣದು. ಕಾಯ್ದೆಯೆಂದರೆ ಅವನಿಗೆ ಎಂಥ ಭಕ್ತಿ ಎಂದರೆ, ತನ್ನ ಅತ್ತೆ ಊರಿನಿಂದ ಬಂದಿಳಿದಾಗ ಟಿಕೀಟು ನೋಡಿದ ಮೇಲೆಯೇ ಅವಳ ಕಾಲಿಗೆ ಎರಗಿದ್ದನಂತೆ.

ಒಂದು ಶ್ರಾವಣದಲ್ಲಿ ರಾಹೇಲವ್ವ ಸಾವನೇರಿಗೆ ಒಂದು ಕೂಸನ್ನು ನೋಡಲು ಹೋಗಿ ತಿರುಗಿ ಬರುವಾಗ, ಹಳಿಯ ಮೇಲೆ ನೀರು ಬಂದು, ಗಾಡಿ ಸಮುವೇಲಪ್ಪನ ಸ್ಟೇಶನ್ನಿನಲ್ಲಿ ಎಲ್ಲರನ್ನೂ ಇಳಿಸಿ ಹಿಂದಕ್ಕೆ ಹೋಯಿತು. ಉಳಿದವರು ಹತ್ತಿರದ ಹಳ್ಳಿಗೆ ನಡೆದರು. ಸಮುವೇಲಪ್ಪನ ಮನೆ ಹಳಿಯ ಆಚೆ, ನಡುವೆ ಮೊಣಕಾಲುದ್ದ ನೀರು. ಸ್ಟೇಶನ್ ಆಫೀಸಿಗೆ ಒಳಗಿನಿಂದ ಬೀಗ. ರಾಹೇಲವ್ವ ಬಾಗಿಲು ಬಡಿದಳು. ಸಮುವೇಲಪ್ಪ ಕಿಟಕಿಯಲ್ಲಿ ಮುಖ ತೋರಿಸಿದ. ಗಾಡಿ ಹೋದ ಮೇಲೆ ಹೊರಗಿನವರಿಗೆ ಬಾಗಿಲು ತೆರೆಯುವಂತಿಲ್ಲ, ಕಾಯ್ದೆ ಎಂದ. ಬೀಗದ ಕಿಲ್ಲಿ ಅವನ ತಲೆಯ ಹಿಂದೆಯೇ ಮೊಳೆಗೆ ತೂಗುತ್ತಿದ್ದುದು ರಾಹೇಲವ್ವನಿಗೆ ಕಾಣುತ್ತಿತ್ತು. ಆದರೂ ಅವನ ಮನಸ್ಸು ತಡೆಯಲಿಲ್ಲ. ಚಹಾ ಕಾಸಿದ. ಕಿಟಕಿಯ ಸರಳುಗಳ ನಡುವೆ ಲೋಟ ಹಿಡಿಸದ್ದರಿಂದ ಒಂದು ಖಾಲಿ ಲೋಟವನ್ನು ಮಾಡಿನ ಹಂಚಿನ ಸಂದಿಯಿಂದ ಹೇಗೋ ಹೊರಗೆ ಆಕೆಯ ಕೈಗೆ ಇಳಿಬಿಟ್ಟು, ಒಳಗಿನಿಂದ ಅದಕ್ಕೆ ಚಹಾ ಸುರಿದ. ಅರ್ಧ ಆಕೆಯ ಸೆರಗು ಕುಡಿಯಿತು. ಹೀಗೆ ಮೂರು ತಾಸು.

ಆ ಭಾನುವಾರದ ಪ್ರಾರ್ಥನೆ ಕಾಲನಿಯಲ್ಲಿ ಬಹಳ ದಿನ ಮಾತಿಗೆ ವಸ್ತುವಾಯಿತು.

“ಕರ್ತನೇ, ತಟ್ಟಿದವರಿಗೆ ತೆರೀತೀನಿ ಅಂತ ನೀ ಮಾತು ಕೊಟ್ಟೀದಿ. ಆದರ ಆ ಮಾತು ಬ್ರಾಡ್‌ಗೇಜಿಗೆ ಅಷ್ಟ ಅಂತ ಕಾಣತೈತಿ, ನ್ಯಾರೋಗೇಜಿಗೆ ನಡಿಯೂದಿಲ್ಲ. ಪರಲೋಕದ ಬಾಗಲಕ್ಕ ನಮ್ಮ ಸಮುವೇಲಪ್ಪನ್ನ ಮಾತ್ರ ಪಾಯಿಂಟ್ಸ್‌ಮನ್ ಮಾಡಬ್ಯಾಡ. ಒಂದು ಆತ್ಮಾ ಒಳಗ ಬರೂದಿಲ್ಲ.”

ಯಾರಿಗೂ ನಗುವನ್ನು ತಡೆಯಲಾಗಲಿಲ್ಲ. ಸುಮಿತ್ರಪ್ಪನವರು ಆಮೆನ್ ಹೇಳಲು ಸಿಕ್ಕ ಒಳ್ಳೆಯ ಸಂದರ್ಭವನ್ನು ಕೆಮ್ಮಿ ಕಳೆದುಕೊಂಡರು. ಸಮುವೇಲಪ್ಪ ಮಾತ್ರ ತನ್ನ ದೊಡ್ಡ ಕೈಗಳನ್ನು ನೋಡಿಕೊಳ್ಳುತ್ತ ಕುಳಿತಿದ್ದ.

ಮುಂದಿನ ಮಾತು ನಮಗೆ ತಿಳಿದದ್ದು ಬಹಳ ತಡವಾಗಿ. ಆದರೂ ಇಲ್ಲಿಯೇ ಹೇಳಿಬಿಡುತ್ತೇನೆ. ಕೂಟ ಮುಗಿದ ಮೇಲೆ ಶಾಲೆಯ ನಲ್ಲಿಯ ಬಳಿ ಅವನು ರಾಹೇಲವ್ವನನ್ನು ನಿಲ್ಲಿಸಿ, ಇನ್ನು ಮೇಲೆ ಯಾರು ಬಡಿದರೂ ತೆರೆಯುತ್ತೇನೆ ಎಂದು ಮಾತು ಕೊಟ್ಟ. ಮತ್ತೆ ಸುತ್ತ ನೋಡಿ ದನಿ ಇಳಿಸಿದ.

“ಇದೊಂದು ಮಾತ್ರ ಪ್ರಾರ್ಥನಿಯಾಗ ಹೇಳಬ್ಯಾಡ್ರಿ ಅಕ್ಕಾ. ಸುಮಿತ್ರಪ್ಪನವರು ಆಫೀಸಿನ ಮನಷ್ಯಾರು. ನೌಕರಿ ಹೋಗತೈತಿ.”

“ದೇವರಿಗೆ ಕಿವಿಯಾಗ ಹೇಳತೀನಿ ತಗೋ,” ಎಂದಳು ರಾಹೇಲವ್ವ.

ಅಲ್ಲಿಂದಾಚೆ ನ್ಯಾರೋಗೇಜಿನ ಗಾರ್ಡು ವಾರಕ್ಕೊಮ್ಮೆ ವೇಟಿಂಗ್ ರೂಮಿನ ಬಾಗಿಲಿಗೆ ಬಂದು, ತನಗೆ ಅರ್ಥವಾಗದ ಸುದ್ದಿಗಳನ್ನು ಆಕೆಗೆ ಮುಟ್ಟಿಸಿ ಹೋಗುತ್ತಿದ್ದ. ಒಬ್ಬ ಮುದುಕಿ, ಎರಡು ಆಡು ಎಂದು ಸಮುವೇಲ್ ಹೇಳಿಕಳಿಸಿದ್ದಾನೆ. ಒಬ್ಬಳು ಬಾಣಂತಿ. ಜ್ವರ ಬಂದ ಒಬ್ಬ ಬೈರಾಗಿ. ಈ ದೀಪಾವಳಿಗೆ ಬಂದ ಹೊಸ ಸಾಹೇಬರು ಒಳ್ಳೆಯವರು, ಏನೂ ಅನ್ನುವುದಿಲ್ಲ. ಕೇಳಿದ್ದನ್ನೆಲ್ಲ ದೇವರೆದುರು ಹರಡುವ ರಾಹೇಲವ್ವ ಈ ಸುದ್ದಿಗಳನ್ನು ಮಾತ್ರ ಯಾರಿಗೂ ಹೇಳಲಿಲ್ಲ. ನಮ್ಮ ಗೋಡೆಯೂ ಕೇಳಲಿಲ್ಲ. ಆಕೆ ಜನ್ಮದಲ್ಲಿ ಇಟ್ಟುಕೊಂಡ ಗುಟ್ಟು ಅದೊಂದೇ.

ಐವತ್ತೈದರ ಜನವರಿಯಲ್ಲಿ, ಒಂದು ಗುರುವಾರ, ಬೆಳಗಿನ ಗಾಡಿಯವರು ಆ ಸುದ್ದಿ ತಂದರು. ಹಿಂದಿನ ರಾತ್ರಿ ದರೋಡೆಯವರು ಪಾರ್ಸಲ್ ಕೋಣೆಯ ಬಟ್ಟೆಯ ಗಂಟುಗಳಿಗಾಗಿ ಆ ಸ್ಟೇಶನ್ನಿಗೆ ನುಗ್ಗಿದ್ದರು. ಅಲ್ಲಿದ್ದವರು ಇಬ್ಬರೇ: ಸಮುವೇಲಪ್ಪ ಮತ್ತು ಹೊಸ ಅಸಿಸ್ಟಂಟ್ ಸ್ಟೇಶನ್ ಮಾಸ್ತರ ಉಮಾಕಾಂತ. ಉಮಾಕಾಂತನಿಗೆ ಇಪ್ಪತ್ತನಾಲ್ಕು ವರ್ಷ, ಸೀತಾಬರ್ಡಿಯ ಒಬ್ಬ ವಿಧವೆಯ ಒಬ್ಬನೇ ಮಗ. ಇಬ್ಬರನ್ನೂ ಕಡಿದು ಹೋಗಿದ್ದರು. ಅದಕ್ಕಿಂತ ಹೆಚ್ಚು ಬರೆಯುವುದು ಬೇಡ.

ಬೀಗ ಮುರಿದಿರಲಿಲ್ಲ, ಒಳಗಿನಿಂದ ತೆರೆದಿತ್ತು. ಹೊಸ್ತಿಲ ಮೇಲೆ ನೀರಿನ ತಂಬಿಗೆ, ಪಕ್ಕದಲ್ಲಿ ಒಂದು ಲೋಟ. ಈ ಎರಡು ಸಂಗತಿಗಳಿಂದ ಊರು ಒಂದು ಕತೆ ಹೆಣೆಯಿತು. ಬಾಗಿಲು ತೆರೆದವನು ಪಾಯಿಂಟ್ಸ್‌ಮನ್. ಕಾಯ್ದೆಯ ಮನುಷ್ಯ ಅಪರಿಚಿತರಿಗೆ ತೆರೆಯುತ್ತಾನೆಯೇ? ಗುರುತಿನವರೇ ಇರಬೇಕು. ನೀರು ಬೇರೆ ಕೊಟ್ಟಿದ್ದಾನೆ. ಪಾಲು ಕೇಳಿರಬೇಕು, ಜಗಳ ಬಂದಿರಬೇಕು. ಪೊಲೀಸರು ಸಾರವ್ವನನ್ನು ಮೂರು ಸಲ ಕರೆದು ಗಂಡನ ಗೆಳೆಯರ ಹೆಸರು ಕೇಳಿದರು. ಕೈಯಲ್ಲಿ ಆರು ತಿಂಗಳ ಹೆಣ್ಣುಕೂಸು. ಉಮಾಕಾಂತನ ಹಿಂದೆ ಸ್ಮಶಾನಕ್ಕೆ ಊರೇ ನಡೆಯಿತು. ಸಮುವೇಲಪ್ಪನ ಪೆಟ್ಟಿಗೆಯ ಹಿಂದೆ ಒಂಬತ್ತು ಜನ. ಸುಮಿತ್ರಪ್ಪನವರು ಆ ಒಂಬತ್ತರಲ್ಲಿದ್ದರು. ಅವರು ಅಂದು ಗಡಿಯಾರ ನೋಡಲಿಲ್ಲ.

ಹದಿಮೂರು ದಿನ ಕಳೆದ ಮೇಲಿನ ಭಾನುವಾರ ಶಾಲೆಯ ಅಂಗಳದಲ್ಲಿ ಎಲ್ಲರೂ ಸೇರಿ ದುಃಖ ಆಚರಿಸುವುದೆಂದು ಗೊತ್ತಾಯಿತು. ರೇಲ್ವೆಯ ಜನ ಎಲ್ಲ ಜಾತಿಯವರೂ ಬರುವವರು, ಉಮಾಕಾಂತನ ತಾಯಿಯೂ ಬರುವವಳು, ಪ್ರಾರ್ಥನೆ ಕನ್ನಡ ಕೂಟದವರು ನಡೆಸುವುದು. ಸುಮಿತ್ರಪ್ಪನವರು ಕ್ರಮವನ್ನು ಕಾಗದದಲ್ಲಿ ಬರೆದರು. ಅದರಲ್ಲಿ ಒಂದೇ ಹೆಸರಿತ್ತು, ಉಮಾಕಾಂತನದು. ತನಿಖೆ ಮುಗಿಯಲಿ, ಈಗ ಸಮುವೇಲಪ್ಪನ ಹೆಸರು ಹೇಳಿದರೆ ಆ ತಾಯಿ ಎದ್ದು ಹೋದಾಳು ಎಂದರು. ಅವರು ಕೆಟ್ಟವರಲ್ಲ. ಆದರೆ ಕೂಟದವನ ಹೆಸರನ್ನು ಕೂಟವೇ ನುಂಗಿಕೊಂಡರೆ, ನಾಳೆ ಸಾರವ್ವ ಯಾವ ಮುಖದಿಂದ ನಲ್ಲಿಗೆ ನೀರಿಗೆ ಹೋಗಬೇಕು?

ಇಷ್ಟೂ ದಿನ ನಮ್ಮ ಗೋಡೆ ಮೌನವಾಗಿತ್ತು. ರಾಹೇಲವ್ವ ಕೆಲಸಕ್ಕೆ ಹೋಗುವಳು, ಬರುವಳು, ಒಂದು ಶಬ್ದವಿಲ್ಲ. ತಂದೆಯವರ ಗಾಯತ್ರಿ ಒಂದೇ ಸಲಕ್ಕೆ ನೂರೆಂಟು ಮುಟ್ಟತೊಡಗಿತು. ಅವರಿಗೆ ಅದರಿಂದ ಸಮಾಧಾನವಾದಂತೆ ಕಾಣಲಿಲ್ಲ. ಜಪ ಮುಗಿಸಿ ಗೋಡೆಗೆ ಕಿವಿಗೊಟ್ಟು ಕೂಡುತ್ತಿದ್ದರು. ಕೊನೆಗೆ ಶನಿವಾರ ನಮ್ಮ ತಾಯಿಗೆ, ಹೋಗಿ ನೋಡಿ ಬಾ, ಆಕೆಗೆ ಜ್ವರ ಗಿರ ಬಂದಿರಬೇಕು ಎಂದರು. ನಾನೂ ಹಿಂದೆ ಹೋದೆ. ಆ ವರ್ಷ ನನಗೆ ಮ್ಯಾಟ್ರಿಕ್.

ರಾಹೇಲವ್ವ ಅಡಿಗೆಮನೆಯ ನೆಲದ ಮೇಲೆ ಕುಳಿತು ಅವರೆ ಸುಲಿಯುತ್ತಿದ್ದಳು. ಸುಲಿದ ಕಾಳು ಸಿಪ್ಪೆಯ ಕಡೆಗೆ, ಸಿಪ್ಪೆ ಕಾಳಿನ ಕಡೆಗೆ ಬೀಳುತ್ತಿತ್ತು. ತಾಯಿ ಏನೂ ಕೇಳದೆ ಎದುರು ಕುಳಿತು ಬೇರ್ಪಡಿಸತೊಡಗಿದಳು. ಸ್ವಲ್ಪ ಹೊತ್ತಿನ ಮೇಲೆ ಎಲ್ಲ ಹೊರಬಂತು: ನಲ್ಲಿಯ ಬಳಿ ಅವನು ಕೊಟ್ಟ ಮಾತು, ಗಾರ್ಡು ತರುತ್ತಿದ್ದ ಮುದುಕಿ, ಆಡು, ಬಾಣಂತಿ, ಬೈರಾಗಿ.

“ಹಂಗಾದ್ರ ನಾಳೆ ಎದ್ದು ನಿಂತು ಹೇಳಿಬಿಡು,” ಎಂದಳು ತಾಯಿ.

“ಆ ಹುಡುಗನ ತಾಯಿ ಮುಂದ ಹ್ಯಾಂಗ ಹೇಳ್ಲಿ ಬಾಯಾರ? ನನ್ನ ನಾಲಿಗಿಗೆ ಹೆದರಿ ಇವ ಬಾಗಲಾ ತೆಗದಾ. ಬಾಗಲಾ ತೆಗದದ್ದಕ್ಕ ಆಕಿ ಮಗಾ ಹ್ವಾದಾ.”

ತಾಯಿ ಒಂದು ಕಾಳನ್ನು ಎತ್ತಿ ನೋಡಿ ಬುಟ್ಟಿಗೆ ಹಾಕಿದಳು.

“ನನ್ನ ಏಕಾದಶಿ ಚಹಾದ ಸುದ್ದಿ ಸಾರುವಾಗ ನೀ ಇಷ್ಟು ವಿಚಾರ ಮಾಡಿದ್ದೇನು ರಾಹೇಲವ್ವಾ?”

ರಾಹೇಲವ್ವ ನಗಲು ಹೋಗಿ ಅತ್ತಳು.

ಮರುದಿನ ಅಂಗಳ ತುಂಬಿತ್ತು. ಜಮಖಾನೆಗಳ ಮೇಲೆ ಹೆಂಗಸರು, ಗೋಡೆಗೆ ಒರಗಿ ನೀಲಿ ಅಂಗಿಯ ಖಲಾಸಿಗಳು. ಮುಂದೆ ತಲೆತುಂಬ ಸೆರಗು ಹೊದ್ದು ಉಮಾಕಾಂತನ ತಾಯಿ ಕುಳಿತಿದ್ದಳು. ಎಲ್ಲರೂ ಅವಳನ್ನು ಆಯೀ ಎನ್ನುತ್ತಿದ್ದರು. ಎಲ್ಲಕ್ಕೂ ಹಿಂದೆ, ಚಪ್ಪಲಿಗಳನ್ನು ಬಿಟ್ಟ ಕಡೆ, ಸಾರವ್ವ ಕೂಸನ್ನು ಕಟ್ಟಿಕೊಂಡು ಕುಳಿತಿದ್ದಳು. ಅವಳ ಸುತ್ತ ಒಂದು ಜಮಖಾನೆಯಷ್ಟು ಜಾಗ ಖಾಲಿ ಇತ್ತು. ಬಿಸಿಲು ಮೃದುವಾಗಿತ್ತು. ಶಾಲೆಯ ಬೇವಿನ ಮರದಿಂದ ಒಂದೊಂದೇ ಹಳದಿ ಎಲೆ ಇಳಿದು, ಆ ಖಾಲಿ ಜಾಗದಲ್ಲೂ ಕೂತ ಜನರ ಹೆಗಲ ಮೇಲೂ ಭೇದವೆಣಿಸದೆ ಬೀಳುತ್ತಿತ್ತು.

ಹಾಡು ಮುಗಿಯಿತು, ಓದು ಮುಗಿಯಿತು. ಸುಮಿತ್ರಪ್ಪನವರು ಉಮಾಕಾಂತನಿಗಾಗಿ ನಾಲ್ಕು ನಿಮಿಷ ಪ್ರಾರ್ಥಿಸಿದರು. ಪದ್ಧತಿಯನ್ನು ಬಿಡುವಂತಿರಲಿಲ್ಲ. ಇನ್ನು ಯಾರಾದರೂ ಪ್ರಾರ್ಥಿಸಬಹುದು ಎಂದು, ರಾಹೇಲವ್ವನಿದ್ದ ದಿಕ್ಕನ್ನು ಬಿಟ್ಟು ಉಳಿದ ಎಲ್ಲ ದಿಕ್ಕಿಗೂ ನೋಡಿದರು.

ರಾಹೇಲವ್ವ ಎದ್ದಳು. ಎಲ್ಲರೂ ಕಣ್ಣು ಮುಚ್ಚಿದರು.

“ಕರ್ತನೇ, ನಾ ರಾಹೇಲ. ಅಜನಿ ಕಾಲನಿ, ಆರನೇ ಮನಿ.”

ಅಲ್ಲಿಗೆ ನಿಂತಿತು. ಕದ್ದು ಉಸಿರಾಡುತ್ತಿದ್ದವಳು ಈಗ ಎಲ್ಲರಿಗೂ ಕೇಳುವಂತೆ ಉಸಿರೆಳೆದಳು, ಆದರೆ ಮಾತು ಬರಲಿಲ್ಲ. ಇಷ್ಟು ದೊಡ್ಡ ಬಿಡುವು ಸುಮಿತ್ರಪ್ಪನವರಿಗೆ ಎಂದೂ ಸಿಕ್ಕಿರಲಿಲ್ಲ. ಅಭ್ಯಾಸಬಲದಿಂದ ಅವರ ಬಾಯಿ ತೆರೆಯಿತು.

“ತಡೀರಿ,” ಎಂದಳು ನಮ್ಮ ತಾಯಿ. ಪ್ರಾರ್ಥನೆಯ ನಡುವೆ ಮಾತಾಡಬಾರದೆಂಬ ನಿಯಮ ಅವಳಿಗೆ ಅನ್ವಯಿಸುತ್ತಿರಲಿಲ್ಲ.

ಸುಮಿತ್ರಪ್ಪನವರು ಬಾಯಿ ಮುಚ್ಚಿದರು. ರಾಹೇಲವ್ವ ಮುಂದುವರಿಸಿದಳು.

“ಹದಿನೈದು ದಿನಾ ನಿನ್ನ ಕೂಡ ಮಾತಾಡಿಲ್ಲ. ನಿನ್ನ ಮ್ಯಾಲೆ ಸಿಟ್ಟಲ್ಲ. ನನಗ ನನ್ನ ನಾಚಿಕಿ. ನಿನಗ ಕನ್ನಡ ತಿಳೀತೈತಿ, ಈ ತಾಯಿಗೆ ತಿಳಿಯೂದಿಲ್ಲ. ಅದಕ್ಕ ಇವತ್ತ ಮರಾಠಿಲೆ ಹೇಳತೀನಿ. ತಪ್ಪಿದ್ರ ನೀ ತಿದ್ದಿಕೋ.”

ಆ ಕೂಟದ ಪ್ರಾರ್ಥನೆಯಲ್ಲಿ ಅಲ್ಲಿಯವರೆಗೆ ಕನ್ನಡವಲ್ಲದ ಮಾತು ಬಂದಿರಲಿಲ್ಲ. ರಾಹೇಲವ್ವನ ಮರಾಠಿ ವೇಟಿಂಗ್ ರೂಮಿನ ಮರಾಠಿ: ಟ್ರಂಕು ಸರಿಸಿರಿ, ನೀರು ಚೆಲ್ಲಬೇಡಿರಿ, ನಿಮ್ಮ ಗಾಡಿ ಬಂತು ಎನ್ನಲು ಸಾಕಾಗುವಷ್ಟು. ಅಷ್ಟರಲ್ಲೇ ಆಕೆ ಎಲ್ಲವನ್ನೂ ಹೇಳಿದಳು. ಮಳೆ, ಮೊಳೆಯ ಮೇಲಿನ ಕಿಲ್ಲಿ, ಕಿಟಕಿಯಿಂದ ಸುರಿದ ಚಹಾ. ಆಗ ಖಲಾಸಿಗಳ ಸಾಲಿನಲ್ಲಿ ಯಾರೋ ಸಣ್ಣಗೆ ನಕ್ಕರು. ಆಮೇಲೆ ತಾನು ಎಲ್ಲರೆದುರು ಅವನನ್ನು ನಗೆಗೀಡು ಮಾಡಿದ್ದು, ಅವನು ನಲ್ಲಿಯ ಬಳಿ ಮಾತು ಕೊಟ್ಟದ್ದು, ಆ ಮಾತನ್ನು ನಡೆಸಿದ್ದು. ಆಗ ಯಾರೂ ನಗಲಿಲ್ಲ. ಮರಾಠಿ ಮುಗಿದುಹೋದಲ್ಲಿ ಹಿಂದಿ, ಹಿಂದಿ ಮುಗಿದಲ್ಲಿ ತಿರುಗಿ ಕನ್ನಡ.

“ನೀರು ಕೇಳ್ಯಾರ, ಕೊಟ್ಟಾನ. ನೀನೂ ಒಂದಿನ ಬಾವಿಗೆ ಬಂದು ಗುರುತಿಲ್ಲದಾಕಿನ್ನ ನೀರು ಕೇಳಿದ್ದಿ. ನೀರು ಕೇಳಾವ್ರ ಮಾರಿ ಮ್ಯಾಲೆ ಏನು ಬರದಿರತೈತಿ? ತಪ್ಪು ಬರಕೊಳ್ಳೂದಿದ್ರ ನನ್ನ ಹೆಸರಿಗೆ ಬರಕೋ. ಉಮಾಕಾಂತ, ಈ ತಾಯಿ ಮಗಾ. ಸಮುವೇಲಪ್ಪ, ಸಾರವ್ವನ ಗಂಡ. ಕೂಡಿ ದುಡದ್ರು, ಕೂಡಿ ಸತ್ರು. ಬ್ಯಾರೆ ಮಾಡಬ್ಯಾಡ.”

ಆಕೆ ಆಮೆನ್ ಹೇಳುವುದನ್ನು ಮರೆತಳು. ಹೇಳದ ಹೊರತು ಪ್ರಾರ್ಥನೆ ಮುಗಿಯುವುದಿಲ್ಲ. ಅಷ್ಟು ಜನ ಕಣ್ಣು ಮುಚ್ಚಿ ಹಾಗೆಯೇ ಕುಳಿತರು. ಒಂದು ಎಂಜಿನ್ನು ಯಾರ್ಡಿನಲ್ಲಿ ಹಿಂದೆ ಮುಂದೆ ಓಡಾಡುತ್ತಿತ್ತು.

ಮೊದಲು ಮಾತಾಡಿದವಳು ಆಯೀ. ಮೆಲ್ಲಗೆ, ಯಾರಿಗೂ ಅಲ್ಲವೆಂಬಂತೆ ಅಂದಳು: “ಕಿಲ್ಲೀ ತ್ಯಾಚ್ಯಾ ಜಾನವ್ಯಾಲಾ ಹೋತೀ.” ಕಿಲ್ಲಿ ಅವನ ಜನಿವಾರದಲ್ಲಿತ್ತು.

ನಾನು ಕಣ್ಣು ತೆರೆದೆ. ಅವಳು ಸೆರಗಿನ ಗಂಟು ಬಿಚ್ಚಿ ಒಂದು ಸಣ್ಣ ಹಿತ್ತಾಳೆಯ ಕಿಲ್ಲಿಯನ್ನು ಅಂಗೈಯಲ್ಲಿಟ್ಟುಕೊಂಡಿದ್ದಳು. ಕತ್ತರಿಸಿದ ಜನಿವಾರದ ತುಂಡು ಇನ್ನೂ ಅದಕ್ಕೆ ಕಟ್ಟಿಕೊಂಡಿತ್ತು. ಮಗನ ಮೈಮೇಲಿನ ಸಾಮಾನಿನೊಡನೆ ಅದನ್ನು ಅವಳಿಗೆ ಕೊಟ್ಟಿದ್ದರು. ಏನಿದು, ಎಲ್ಲಿಯದು ಎಂದು ಕೊಟ್ಟವರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ಅವಳು ಹೇಳಿದ್ದಿಷ್ಟು. ಮೊಳೆಗೆ ಕಿಲ್ಲಿ ತೂಗುಹಾಕುವುದು ಹಳೆಯ ಮಾಸ್ತರನ ಕಾಲದ ಸಡಿಲು. ಉಮಾಕಾಂತ ಬಂದ ದಿನವೇ ಅದನ್ನು ಜನಿವಾರಕ್ಕೆ ಕಟ್ಟಿಕೊಂಡ. ಮನೆಯಲ್ಲೂ ಅವನದು ಅದೇ ರೂಢಿ, ತನ್ನ ಟ್ರಂಕನ್ನು ತೆರೆಯಬೇಕಾದರೂ ಅದರ ಕಿಲ್ಲಿಯನ್ನು ಜನಿವಾರದಿಂದ ಬಿಚ್ಚದೆ ಹೊಟ್ಟೆ ಪೆಟ್ಟಿಗೆಗೆ ತಾಗುವ ತನಕ ಬಾಗುತ್ತಿದ್ದ. ಪೆಟ್ಟಿಗೆಗೇಕೆ ನಮಸ್ಕಾರ, ದೇವರಿಗೆ ಮಾಡು ಎಂದು ಅವಳು ಬೈಯುತ್ತಿದ್ದಳು. ಆ ಬಾಗಿಲನ್ನು ಬೇರೆ ಯಾರೂ ತೆರೆಯುವಂತಿರಲಿಲ್ಲ. ಪಾಯಿಂಟ್ಸ್‌ಮನ್ ತಂಬಿಗೆ ತುಂಬಿರಬೇಕು. ಬಾಗಿ ಬೀಗ ತೆರೆದವನು ತನ್ನ ಮಗ.

ಹೇಳುವಾಗ ಅವಳ ತುಟಿಯಲ್ಲಿ ಒಂದು ಕ್ಷಣ ನಗುವಿನಂಥದು ಬಂದು ಹೋಯಿತು. ಮಗ ಟ್ರಂಕಿನ ಮುಂದೆ ಬಾಗಿದ್ದು ಕಣ್ಣಿಗೆ ಕಟ್ಟಿರಬೇಕು. ಆಮೇಲೆ ಅವಳು ಎದ್ದಳು. ಎದ್ದು ಹೋದಾಳು ಎಂದು ಸುಮಿತ್ರಪ್ಪನವರು ಹೆದರಿದ್ದ ಹಾಗೆಯೇ ಎದ್ದು ಹೋದಳು, ಆದರೆ ಹೊರಗಲ್ಲ. ಜನರ ನಡುವೆ ದಾರಿ ಮಾಡಿಕೊಂಡು ಚಪ್ಪಲಿಗಳ ತನಕ ಹೋಗಿ, ಆ ಖಾಲಿ ಜಾಗದಲ್ಲಿ ಸಾರವ್ವನಿಗೆ ಮೊಣಕಾಲು ತಾಗುವಂತೆ ಕುಳಿತು, ಕೂಸಿನ ಹೆಸರೇನೆಂದು ಕೇಳಿದಳು.

ಸಾರವ್ವ ಅಲ್ಲಿಯ ತನಕ ಅತ್ತಿರಲಿಲ್ಲ. ಆಗ ಅತ್ತಳು. ಅವಳೊಡನೆ ಒಬ್ಬೊಬ್ಬರಾಗಿ ಅಂಗಳವೆಲ್ಲ ಅತ್ತಿತು. ಸುಮಿತ್ರಪ್ಪನವರು ಕಿಸೆಗೆ ಕೈಹಾಕಿದರು. ಗಡಿಯಾರ ತೆಗೆಯುತ್ತಾರೆಂದುಕೊಂಡೆ. ತೆಗೆದದ್ದು ಪೆನ್ಸಿಲು. ಮೊಣಕಾಲ ಮೇಲೆ ಕಾಗದವಿಟ್ಟುಕೊಂಡು ಅದರಲ್ಲಿದ್ದ ಒಂದು ಹೆಸರಿನ ಪಕ್ಕದಲ್ಲಿ ಇನ್ನೊಂದನ್ನು ಬರೆದರು. ಎದ್ದು ನಿಂತು, ಮೂಗೊರೆಸಿಕೊಂಡು, ಎರಡನ್ನೂ ಓದಿದರು. ಆಮೇಲೆ ಆಮೆನ್ ಎಂದರು. ಹೊತ್ತು ಎಷ್ಟಾಗಿತ್ತೆಂದು ಯಾರಿಗೂ ಗೊತ್ತಿಲ್ಲ.

ಮರುದಿನ ಆಯೀ ಕಿಲ್ಲಿಯನ್ನು ಹಿಡಿದುಕೊಂಡು ಪೊಲೀಸ್ ಠಾಣೆಗೆ ಹೋದಳು. ಜೊತೆಗೆ ರಾಹೇಲವ್ವ ಹೋದಳು. ಅಲ್ಲಿಯ ಸಾಹೇಬರು ಇಬ್ಬರನ್ನೂ ಕೂಡಿಸಿ ಹೇಳಿಕೆ ಬರೆದುಕೊಳ್ಳಲು ಹೊರಟು, ರಾಹೇಲವ್ವನದು ಏಳನೆಯ ಪುಟಕ್ಕೆ ಬಂದಾಗ ಸಾಕು ಎಂದರಂತೆ. ತನಿಖೆಯ ಕಾಗದಗಳು ಆಮೇಲೆ ಎಲ್ಲಿಗೆ ಹೋದವೋ ನಮಗೆ ತಿಳಿಯದು. ಸಾರವ್ವನನ್ನು ಮತ್ತೆ ಯಾರೂ ಕರೆಯಲಿಲ್ಲ. ಅವಳು ಕಾಲನಿಯ ನಲ್ಲಿಗೆ ಬಂದಾಗ ಹೆಂಗಸರು ಕೊಡ ಸರಿಸಿ ಜಾಗ ಮಾಡಿಕೊಟ್ಟರು.

ಬುಧವಾರ ಬೆಳಿಗ್ಗೆ ಐದೂವರೆಗೆ ಗೋಡೆಯಾಚೆ ಕೆಮ್ಮು ಕೇಳಿಸಿತು. ನಮ್ಮ ತಂದೆ ಎಣಿಸುತ್ತಿದ್ದ ಬೆರಳನ್ನು ಹಾಗೆಯೇ ಹಿಡಿದು ನಿಂತರು. ಕರ್ತನೇ, ನಾ ರಾಹೇಲ, ಅಜನಿ ಕಾಲನಿ, ಆರನೇ ಮನಿ. ಸುಮಿತ್ರಪ್ಪನವರ ಕೆಮ್ಮಿಗೆ ಯಾವ ಕಷಾಯ ಒಳ್ಳೆಯದೆಂಬುದು ಬಂತು. ಠಾಣೆಯ ಸಾಹೇಬರಿಗೆ ತಾಳ್ಮೆ ಕಡಿಮೆ ಎಂಬುದು ಬಂತು. ಐದನೆಯ ಮನೆಯ ಹುಡುಗಿ ಪ್ರಾರ್ಥನೆಯಲ್ಲಿ ಕಣ್ಣು ತೆರೆದು ಎಲ್ಲರನ್ನೂ ನೋಡುತ್ತಾಳೆ, ಆದರೂ ಮ್ಯಾಟ್ರಿಕ್ಕಿನಲ್ಲಿ ಅವಳನ್ನು ದಾಟಿಸು ಎಂಬುದೂ ಬಂತು. ತಂದೆಯವರು ನನ್ನ ಕಡೆ ನೋಡಿದರು. ನಾನು ಪುಸ್ತಕದ ಕಡೆ ನೋಡಿದೆ. ಅಡಿಗೆಮನೆಯಲ್ಲಿ ತಾಯಿ ಮೂರರ ಬದಲು ನಾಲ್ಕು ಲೋಟ ಚಹಾಕ್ಕೆ ನೀರಿಟ್ಟಳು.

ಕೊನೆಗೆ ಆ ಎರಡು ಹೆಸರುಗಳು ಬಂದವು. ಅಂದಿನಿಂದ ಗದಗಿಗೆ ಓದಲು ಹೋಗುವ ತನಕ ನಾನು ಅವನ್ನು ದಿನವೂ ಕೇಳಿದೆ. ಉಮಾಕಾಂತ, ಸಮುವೇಲಪ್ಪ ಎಂದು ರಾಹೇಲವ್ವ ಒಂದೇ ಉಸಿರಿನಲ್ಲಿ ಹೇಳುತ್ತಿದ್ದಳು, ನಡುವೆ ಯಾರೂ ಆಮೆನ್ ಹಾಕಲು ಸಂದು ಸಿಗದ ಹಾಗೆ.